ಗ್ವಾಡಿಯೊಳಗಿನ ಏಳು ಮನಿ

ಐತವಾರ ಪಾಲಿಶ್ ಮಷೀನು ಬಂದ್.
ಕಿವ್ಯಾಗಿನ ಗುಂಯ್ ಅನ್ನೂದು ಮಾತ್ರ ಬಂದ್ ಆಗೂದಿಲ್ಲ.
ಶಹಾಬಾದಿನಿಂದ ಒಂದು ಟಂಟಂ, ನಾವು ಐದು ಮಂದಿ,
ಕಾಗಿಣಾ ದಂಡಿಯ ದೇಶಮುಖರ ವಾಡೆಗೆ.
ಈಗದು ಸರ್ಕಾರದ್ದು. ದೊಡ್ಡವರಿಗೆ ಹತ್ತು, ಸಣ್ಣವರಿಗೆ ಐದು.
ನಡದು ಬಂದ ಕಲ್ಯಾಣೀನ ಬಾಗಿಲಾಗ ಬಗಲಿಗೆತ್ತಿ
ಜಗದೇವಿ ಐದು ರೂಪಾಯಿ ಉಳಿಸಿದಳು.

ಗೈಡಿನ ಕೈಯಾಗ ಒಂದು ಬೆತ್ತ.
ಬೆತ್ತ ಎತ್ಲಾಗ, ಕಣ್ಣು ಅತ್ಲಾಗ.
ಮ್ಯಾಲ ಝುಂಬರ ನೋಡ್ರಿ,
ಬೆಲ್ಜಿಯಂ ಕನ್ನಡಿ ನೋಡ್ರಿ,
ಈ ಹುಲಿ ತಲಿ, ದೇಶಮುಖರ ಮುತ್ಯಾ ಹೊಡದದ್ದು.
"ಹುಲಿಗೆ ಒಂದ ಕಣ್ಣು ಗೋಲಿದ್ದು ಯಾಕ?"
ಅಂದ ನನ್ನ ತಂಗಿ ಮಗ ಭೀಮಾಶಂಕರ.
ಬೆತ್ತ ಮುಂದಿನ ಕೋಣಿಗೆ ಹೋತು.

ನಾ ಎಲ್ಲರ ಹಿಂದ, ತಲಿ ಬಗ್ಗಿಸಿ.
ಇಪ್ಪತ್ತೆರಡು ವರ್ಷ ಪರಸಿ ಕೂಡಿಸಿದವನಿಗೆ
ಯಾರ ಮನಿಗೆ ಹೋದರೂ ಮೊದಲು ಕಾಣೂದು ನೆಲ.
ಸಂದಿನಾಗ ಉಗುರು ಹಾಕಿ ನೋಡಿದೆ, ಹೋಗಲಿಲ್ಲ.
ಉಳಿ, ಸುಣ್ಣ,
ಮತ್ತ ಯಾರದೋ ಮೊಣಕಾಲು.
"ಏನ್ ಕಳಕೊಂಡೀ?" ಅಂದಳು ಜಗದೇವಿ.
ಏನಿಲ್ಲ.

ಒಳಗ ಉಣ್ಣಂಗಿಲ್ಲ ಅಂದರು. ಬೇವಿನ ನೆರಳಾಗ ಗಂಟು ಬಿಚ್ಚಿದಿವಿ,
ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು.
ಕೈ ತೊಳಕೊಂಡು ನೋಡ್ತೀವಿ, ಹುಡುಗರ ಗದ್ದಲ ಇಲ್ಲ.
ಗದ್ದಲ ನಿಂತರ ಅಂಜಿಕಿ ಬರ್ತದ.
ಹಗೇವಿನ ಬಾಯಿ ಇಣುಕಿದಿವಿ, ಬಾವಿ ಇಣುಕಿದಿವಿ,
ಜಗದೇವಿ ಮೂರೂ ಹೆಸರು ಕೂಡಿಸಿ ಒಂದ ಉಸರಿನಾಗ ಕೂಗಿದಳು.

ಸಿಕ್ಕರು. ಕಡೀ ಕೋಣಿಯ ಬಾಗಿಲ ಹಿಂದ
ನೆಲಕ್ಕ ಮೂಗು ಹಚ್ಚಿ ಕುಂತಾರ.
ಕಲ್ಲಿನಾಗ ಉಳೀಲೆ ಕೊರದ ಗೆರಿ,
ಚೌಕಾಬಾರದ ಮನಿ. ಅರ್ಧಾ.
ಹದಿನೈದು ಹೊರಗ,
ಹತ್ತು ಗ್ವಾಡಿಯ ಬುಡಕ.

"ಇದು ನನ್ನ ಪಟ್ಟಿಯಾಗಿಲ್ಲ," ಅಂದ ಗೈಡು.
"ಯಾರೋ ಪುಂಡರು ಕೊರದಾರ."
ಅಲ್ರೀ ಸಾಹೇಬ್ರ,
ಗ್ವಾಡಿ ಮ್ಯಾಲ ಕೊರದಾರು, ಬುಡಕ ಹೊಕ್ಕು ಹ್ಯಾಂಗ ಕೊರದಾರು?
ಅನ್ನಲಿಲ್ಲ ನಾ.
ಕಲ್ಲು ಇನ್ನಾ ಅಂಗಳದಾಗ ಬಿದ್ದಿತ್ತು,
ಮಧ್ಯಾಹ್ನ, ಎಲಿ ಅಡಕಿ ಬಾಯಾಗಿತ್ತು,
ನಾಕು ಮಂದಿ ಆಡ್ಲಕತ್ತಿದ್ದರು.
ಮೇಸ್ತ್ರಿ ಬಂದಾನ. ಎಬ್ಬಿಸ್ಯಾನ.
ಅದ ಕಲ್ಲು ಎತ್ತಿ ಕೂಡಿಸಿ
ಮ್ಯಾಲ ಗ್ವಾಡಿ ಏರಿಸ್ಯಾರ.
ಆಟ ಯಾರು ಗೆದ್ದರೋ.

ಗೆರಿ ಇದ್ದ ಮಗ್ಗಲಾ ಕೆಳಗ ಹಾಕಬೇಕಿತ್ತು.
ನಾನಾಗಿದ್ದರ ಹಾಕ್ತಿದ್ದೆ.
ಹಾಕ್ತಿದ್ನೇನು?

ಹುಣಸಿ ಬೀಜ ಒಡದು ಚೆಲ್ಲಿದಳು ಶ್ರಾವಣಿ. ಚೌಕಾ.
ಆಕಿ ಕಾಯಿ ಗ್ವಾಡಿಗೆ ಮುಟ್ಟಿ ನಿಂತಿತು.
ನಟ್ಟನಡುವಿನ ಹಣ್ಣಾಗೋ ಮನಿ ಹೊರಗ ಅದ,
ಎದುರಿಗೇ ಅದ, ಕೈ ಚಾಚಿದರ ಸಿಗ್ತದ,
ಆದರ ಸುತ್ತ ಹಾಕದ ಹಣ್ಣಾಗಂಗಿಲ್ಲ.
"ಒಳಗ ಏಳು ಮನಿ ಅವ," ಅಂದಳು, "ಬಾಯಾಗ ಎಣಸೂದು."
ಎಣಿಸಿದರು. ಗ್ವಾಡಿ ನೋಡಿಕೋತ.

"ಒಳಗ ನಿನ್ನ ಕಾಯಿ ಹೊಡದೆ!"
"ನೀ ಕಂಡೀ ಏನಲೇ?"
"ಕಂಡೆ. ಎರಡನೇ ಮನ್ಯಾಗ ಕುಂತಿತ್ತು, ಕತ್ತಲಾಗ."
ಬಡದಾಡಿದರು.
ಜಗದೇವಿ ಇಬ್ಬರಿಗೂ ಒಂದೊಂದು ಕೊಟ್ಟು
ತಾನೂ ಸೆರಗು ಸಿಗಿಸಿ ಕುಂತಳು: "ನನಗೊಂದು ಕಾಯಿ ಕೊಡ್ರಿ."

ಸಣ್ಣಾಕಿಗೆ ಎಣಿಸಲಿಕ್ಕ ಬರೂದಿಲ್ಲ.
ತನ್ನ ಹಸರು ಬಳಿಚೂರು ತಗೊಂಡು
ಗ್ವಾಡಿ ಬುಡದ ಸಂದಿನಾಗ ತುರುಕಿದಳು.
ಈ ವಾಡೆದಾಗ ಅದೊಂದ ಸಂದು ನಾ ಕಂಡದ್ದು.
ಹೋತು. ಟಿಣ್ ಅಂತ ಒಳಗೆಲ್ಲೋ ಬಿತ್ತು.

ಗೈಡು ಬಾಗಿಲಾಗ ಬೀಗ ಕುಲುಕಿದ, ಐದಾತು ಅಂತ.
ಕಲ್ಯಾಣಿ ಅವನ ಕಾಲ ಸಂದಿಲೆ ಪಾರಾಗಿ
ಸುತ್ತ ಹಾಕಿ ಆಚೀ ಕೋಣಿಗೆ ಓಡಿದಳು.
ಗ್ವಾಡಿ ಆ ಕಡೆಯಿಂದ ದನಿ ಬಂತು:

ಅಪ್ಪಾ,
ಇನ್ನಾ ಬಂದಿಲ್ಲ.