ಮುನ್ನೂರು ಗ್ರಾಂ

ಹೇಳದೆ ಬರಬೇಕೆಂಬುದು ನಿಯಮ. ಹೇಳದೇ ಬಂದೆ.
ಆದರೂ ಮಂಡಕ್ಕಿ ಭಟ್ಟಿಗಳ ತಿರುವಿನಲ್ಲಿ
ನನ್ನ ಸ್ಕೂಟಿ ಕಂಡದ್ದೇ ಒಬ್ಬ ಹುಡುಗ ಓಡಿದ.
ನಾನು ಮುಟ್ಟುವಷ್ಟರಲ್ಲಿ ಹೊಸ್ತಿಲು ಒದ್ದೆ,
ಇಪ್ಪತ್ತೆರಡು ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ,
ಬಾಯಿಗೆ ಬೆರಳಿಟ್ಟುಕೊಂಡು,
ಯಾರ ಬೆರಳು ಯಾರ ಬಾಯಿಗೋ.

ನಲವತ್ತೆರಡು ಪ್ರಶ್ನೆ. ಹೌದು, ಇಲ್ಲ.
ನಡುವೆ ಪೆನ್ನು ಇಡಲು ಜಾಗವಿಲ್ಲ.

ಕಿಟಕಿ ಎರಡು ಇವೆಯೇ? ಹೌದು.
ತೆರೆಯುತ್ತಾರೆಯೇ ಎಂದು ನಮೂನೆ ಕೇಳುವುದಿಲ್ಲ.
ತೆರೆದರೆ ಹೊಟ್ಟಿನ ಬೂದಿ ಬಂದು
ಗೋಡೆಯ ಮೇಲಿನ ಆನೆಯನ್ನು ಎಮ್ಮೆ ಮಾಡುತ್ತದೆ.
ಶೌಚಾಲಯ ಇದೆಯೇ? ಹೌದು, ಬೀಗ ಸಮೇತ.
ಬೀಗದ ಕೈ ಹಾಲಮ್ಮ ಟೀಚರ ಸೆರಗಿನ ಗಂಟಿನಲ್ಲಿ,
'ರಾತ್ರಿ ಯಾರ್ಯಾರೋ ಬರ್ತಾರ್ರೀ ಮೇಡಂ.'
ಮೊಟ್ಟೆ, ಪುಸ್ತಕದಲ್ಲಿ ಇಪ್ಪತ್ತೆಂಟು.
ಎಣಿಸಿದರೆ ಇಪ್ಪತ್ತೇಳು.
ಒಡೆದದ್ದರ ಚಿಪ್ಪು ಪೇಪರಿನಲ್ಲಿ ಸುತ್ತಿ ಎತ್ತಿಟ್ಟಿದ್ದಾರೆ,
ಬಿಚ್ಚಿ ತೋರಿಸಿದರು,
ಸತ್ತ ಹಕ್ಕಿಯನ್ನು ತೋರಿಸುವ ಹಾಗೆ.
ನಾನು ಹೌದು ಎಂದು ಬರೆದೆ.

ತೂಕದ ಯಂತ್ರ ಸುಸ್ಥಿತಿಯಲ್ಲಿದೆಯೇ?
ತೊಲೆಗೆ ನೇತುಬಿದ್ದಿತ್ತು, ದುಂಡು ಮುಖ, ಒಂದೇ ಮುಳ್ಳು.
ಕೆಳಗೆ ಹೊಸ ಚೀಲ: ಎರಡು ಕಾಲು ತೂರಲು ಎರಡು ತೂತು,
ಹಳೇ ಜೀನ್ಸು, ಎರಡು ಪದರ, ಅಂಚಿಗೆ ಕೆಂಪು ದಾರ.
ಜುಲೇಖಾಬಿ ಹೊಲಿದದ್ದು.
ಸರ್ಕಾರದ ಚೀಲ ಹರಿದು
ಹುಡುಗಿಯೊಬ್ಬಳ ತೊಡೆ ಗೀರಿತ್ತಂತೆ, ಸಂಕ್ರಾಂತಿ ಕಳೆದ ವಾರ.
ಚೆಂದ ಹೊಲಿದಿದ್ದೀರಿ ಎಂದೆ.
ಎಂದ ಮೇಲೆ ನೋಡಿದೆ.

ಮಕ್ಕಳಿಲ್ಲದ ಚೀಲ. ಮುಳ್ಳು ಸೊನ್ನೆಯ ಮೇಲಿಲ್ಲ.

ಸುಮ್ಮನೆ ತೂಗುತ್ತಿದ್ದ ಆ ಚೀಲದಲ್ಲಿ
ಮುನ್ನೂರು ಗ್ರಾಂ ಕೂತಿತ್ತು, ಯಾರಿಗೂ ಕಾಣದೆ,
ಮೂರು ತಿಂಗಳಿಂದ, ಪ್ರತಿ ಮಗುವಿನ ಮಡಿಲಲ್ಲೂ.

ಈ ಓಣಿಯಲ್ಲಿ ಮಂಡಕ್ಕಿಯನ್ನು ತೂಗುವುದಿಲ್ಲ,
ಸೇರಿನಲ್ಲಿ ಅಳೆಯುತ್ತಾರೆ.
ಉಬ್ಬಿದ್ದಕ್ಕೆ ತೂಕ ಕೇಳಬಾರದು ಎಂದು
ಅಕ್ಕಿ ಹುರಿಯುವವರಿಗೆ ಗೊತ್ತು.

ಹಾಲಮ್ಮ ಟೀಚರು ಚಾರ್ಟು ಹಾಸಿದರು.
ಒಂದೊಂದೇ ಚುಕ್ಕಿ ಕೆಳಗಿಳಿಸಿದೆವು.
ತಿಪ್ಪೇಶ ಹಸಿರಲ್ಲೇ ಉಳಿದ.
ಮೂವರು ಹಸಿರಿನಿಂದ ಹಳದಿಗೆ.
ಮೂರು ವರ್ಷದ ಶಿಫಾ ಒಂಬತ್ತು ಕಿಲೋ ಎಂಟುನೂರು,
ಈಗ ಒಂಬತ್ತೂವರೆ. ಹಳದಿಯ ಕೆಳಗೆ ಕೆಂಪು.
ಟೀಚರ ರಬ್ಬರು ಅಲ್ಲೇ ನಿಂತಿತು.
'ಹೋದ ತಿಂಗಳು ಅವಳವ್ವಗೆ ಹೇಳಿದ್ದೆ, ಏರ್ಯಾಳ ಅಂತ.'

ಜುಲೇಖಾಬಿ ಒಲೆಯ ಕಡೆ ತಿರುಗಿಕೊಂಡಳು.
ಅನ್ನ ಆಗಲೇ ಬೆಂದಿತ್ತು.

ನಾನು ಕಡತ ಹಿಂದಕ್ಕೆ ಮಗುಚಿದೆ.
ಫೆಬ್ರವರಿ. ಪ್ರಶ್ನೆ ಮೂವತ್ತೊಂದು. ಹೌದು.
ಕೆಳಗೆ ಸಹಿ. ಬಾಲ ಉದ್ದ ಎಳೆದ ಸಹಿ,
ಯಾವುದೋ ಮೀಟಿಂಗಿಗೆ ತಡವಾದವಳದ್ದು. ನನ್ನದೇ.

ನೋಟೀಸು ಯಾರಿಗೆ ಕೊಡಲಿ?
ದಾರಕ್ಕೋ, ಸೂಜಿಗೋ,
ತೊಡೆ ಗೀರಬಾರದು ಎಂದುಕೊಂಡ ಕೈಗೋ?
'ಷರಾ' ಎಂಬ ಒಂದೂವರೆ ಗೆರೆಯಲ್ಲಿ ಬರೆದೆ:
ಚೀಲ ಮುನ್ನೂರು ಗ್ರಾಂ. ಕಳೆದ ಸಲ ನಾನೂ ನೋಡಿಲ್ಲ.
ಅದು ಮೇಲಿನವರಿಗೆ ಹೋಗುತ್ತದೆ.
ಹೋಗಲಿ.

'ಬಿಚ್ಚಿ ಬಿಡ್ಲೇನ್ರೀ?' ಜುಲೇಖಾಬಿ ಕತ್ತರಿ ಹಿಡಿದು ಬಂದಳು.
ಬೇಡ, ಗಟ್ಟಿಯಾಗಿದೆ, ಇರಲಿ.
ಮೊದಲು ಚೀಲ ಹಾಕಿ, ಆಮೇಲೆ ಈ ತಿರುಪು ತಿರುಗಿಸಿ,
ಮುಳ್ಳು ಸೊನ್ನೆಗೆ ಬರಲಿ, ಆಮೇಲೆ ಮಗು.
ದಿನಾ. ಮೊದಲು ಸೊನ್ನೆ.

ತಿರುಪು ತುಕ್ಕು ಹಿಡಿದಿತ್ತು. ಸ್ಕೂಟಿಯ ಕೀಲಿಯಿಂದ ತಿರುಗಿಸಿದೆ.
ಮುಳ್ಳು ಅಲುಗಿತು, ಹಿಂದೆ ಸರಿಯಿತು, ನಿಂತಿತು.

ತಿರುಗಿದರೆ ಶಿಫಾ, ಎರಡೂ ಕೈ ಮೇಲೆತ್ತಿಕೊಂಡು,
ಸಾಲು ಬಿಟ್ಟು ಬಂದು ನಿಂತಿದ್ದಳು,
ಕಣ್ಣು ಆ ಜೀಕುವ ಚೀಲದ ಮೇಲೆ.
ಅವಳಿಗದು ಜೋಕಾಲಿ.
'ನನ್ನ ಮೊದ್ಲು' ಎಂದಳು.