ಬಲಗಡೆಯ ಸ್ಪೀಕರು

ಮೂವತ್ತು ಡಾಲರಿಗೆ ತಂದೆ, ಯಾರದೋ ಗರಾಜಿನಿಂದ.
ಹಾಕಿ ಕುರ್ಚಿ. ಕೆಂಪು ಬಿಳಿ ರೆಕ್ಸಿನ್ನು, ಬೆನ್ನಿಗೆ ಹೊಲಿದ
ಎರಡು ಅಡ್ಡಕೋಲು, ಹನ್ನೊಂದು ಎಂಬ ನಂಬರು.
ಕಾಲಿಲ್ಲ, ನೆಲಕ್ಕೇ ಕೂತು ತೂಗುತ್ತದೆ.
ತಲೆಯ ಆಚೀಚೆ ಸ್ಪೀಕರು, ಬೆನ್ನ ನಡುವೆ ಒಂದು ಗುಡುಗು;
ಥಂಡರ್ ಬೇ ಊರಿಗೆ ತಕ್ಕದ್ದೇ.
ಮಾರಿದವಳು ಪ್ರಾಮಾಣಿಕಳು:
'ಎಡಗಡೆಯದು ಸತ್ತಿದೆ' ಅಂದಳು.

ಕೇಲಬ್‌ಗೆ ಹದಿಮೂರು. ಒಂದು ಕಿವಿ ಸಾಕು ಅವನಿಗೆ,
ನನ್ನ ಮಾತು ಬಿಡಲು ಇನ್ನೊಂದು ಹೇಗೂ ಖಾಲಿ.

ಭಾನುವಾರ ಅಪ್ಪ ಬಂದ, ಬೂಟಿನ ಹಿಮ ಕೊಡವದೆ.
ಉರ್ಹೋ ಲೆಹ್ಟೋ, ಎಂಬತ್ತೊಂದು.
ಸರೋವರದ ದಡದ ಗೋಧಿ ಕಣಜದಲ್ಲಿ ಕೂಲಿ,
ಸಂಜೆಗೆ ಅದೇ ಕಣಜದ ತಂಡದ ಗೋಲ್‌ಕೀಪರು.
ಬಲಗಿವಿ ಹೋದದ್ದು ಅರವತ್ತಾರರಲ್ಲಿ. ಮುಖವಾಡ ಹಾಕದ ಕಾಲ.
ಪಕ್ಕು ಬಂದದ್ದು ಕಾಣಲೇ ಇಲ್ಲವಂತೆ,
ಸದ್ದು ಮಾತ್ರ ಕೇಳಿತಂತೆ.
ಆ ಕಿವಿಯ ಕೊನೆಯ ಸದ್ದು.

'ಕೂತು ನೋಡು ತಾತ.' ಕೂತ.
ಇರುವ ಸ್ಪೀಕರು ಇಲ್ಲದ ಕಿವಿಗೆ,
ಇರುವ ಕಿವಿಗೆ ಇಲ್ಲದ ಸ್ಪೀಕರು.
'ಮೂಗ ಕುರ್ಚಿ' ಅಂದ ಅಪ್ಪ,
'ಬೆನ್ನು ಕೆರೆಯಲಿಕ್ಕೆ ಅಡ್ಡಿಯಿಲ್ಲ.'
ನಾನು ಆಲೂಗಡ್ಡೆ ಬಸಿಯಲು ಒಳಗೆ ಹೋದೆ.

ಬರುವಷ್ಟರಲ್ಲಿ,
ಚರ್ಚಿನಲ್ಲೂ ಊರದ ಮೊಣಕಾಲು ಕುರ್ಚಿಯ ಮೇಲೆ ಊರಿ,
ಟೀವಿಗೆ ಬೆನ್ನು, ಗೋಡೆಗೆ ಮುಖ,
ಆ ಹನ್ನೊಂದನ್ನು ಹಿಂದಿನಿಂದ ತಬ್ಬಿ ಹಿಡಿದು
ಎಡಗಿವಿಯನ್ನು ಬಲಗಡೆಯ ಸ್ಪೀಕರಿಗೆ ಒತ್ತಿದ್ದಾನೆ.
ಗುಡುಗು ಈಗ ಅವನ ಎದೆಗೂಡಿನಲ್ಲಿ.
ಹುಡುಗ ಆಡುತ್ತಾನೆ, ಇವನು ನೋಡುವುದಿಲ್ಲ.
ಎಡವೋ ಬಲವೋ ಒಂದೇ ಕಿವಿಗೆ ತಿಳಿಯುವುದಿಲ್ಲ,
ದೂರ, ಹತ್ತಿರ, ಅಷ್ಟೇ.
'ಬಂದ... ಹಲಗೆಗೆ ಬಡಿಯಿತು... ಬಂದ, ಬಂದ...'
ಎಡಗೈ ತಾನಾಗಿ ಮೇಲೆದ್ದು ಅಂಗೈ ಬಿಚ್ಚುತ್ತದೆ.

ಇಪ್ಪತ್ತು ಸಾವಿರ ಜನ ಒಟ್ಟಿಗೆ ಕೂಗಿದರು, ಕುರ್ಚಿಯೊಳಗೆ.
ಅಪ್ಪ ಮುಖ ಕಿವುಚಿದ.
'ಇಷ್ಟು ಜನ ಯಾಕೆ? ನಮಗೆ ಬರುತ್ತಿದ್ದವರು ನಲವತ್ತು.
ಮೂವತ್ತೊಂಬತ್ತು ಜನ ಬಾಯಿ ಮುಚ್ಚಿಕೊಂಡು ನಡುಗುತ್ತಿದ್ದರು.
ನಿಮ್ಮಮ್ಮ ಪಾತ್ರೆ ಬಡಿಯುತ್ತಿದ್ದಳು.'

ಇದನ್ನು ನನಗೆ ಯಾರೂ ಹೇಳಿರಲಿಲ್ಲ.
ಅಮ್ಮ ಅಂದರೆ ಬಾಗಿಲು ಹಾಕುವಾಗಲೂ ಸದ್ದು ಮಾಡದವಳು.

ಆಲೂಗಡ್ಡೆಯ ಪಾತ್ರೆ ನನ್ನ ಕೈಯಲ್ಲೇ ಇತ್ತು,
ಇನ್ನೊಂದು ಕೈಯಲ್ಲಿ ಮುಚ್ಚಳ.
ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.
ಬಡಿದೆ.

ಅಪ್ಪ ತಿರುಗಲಿಲ್ಲ.
'ತಡವಾಯಿತು' ಅಂದ ಗೋಡೆಗೆ,
'ಗೋಲು ಆಗಲೇ ಹೋಯಿತು.
ಆದರೂ ಬಡಿ.'