ಬಾವಿಹಗ್ಗ

ಚೆಲುವಯ್ಯ ಮೇಷ್ಟ್ರು ಹಗ್ಗ ಕೇಳಿಕೊಂಡು ಬಂದದ್ದು
ಒಂದು ಶುಕ್ರವಾರ, ಸಕ್ಕರೆ ಕಾರ್ಖಾನೆ ಕೂಗಿದ ಮೇಲೆ.
ಖಾಕಿ ಚಡ್ಡಿ, ಕೊರಳಿಗೆ ಸ್ಕೌಟು ಸ್ಕಾರ್ಫು,
ಮೊಣಕಾಲಿಗೆ ಟಿಂಚರು.
'ಒಂದೇ ದಿನ, ತಾಯಿ. ಹುಡುಗರನ್ನು ಕುಂತಿಬೆಟ್ಟ ಹತ್ತಿಸಬೇಕು.'
ಅವ್ವ ಬಾವಿ ನೋಡಿದಳು, ಖಾಲಿ ಹಂಡೆ ನೋಡಿದಳು,
'ಬೆಟ್ಟದ್ ಮ್ಯಾಲೆ ಏನ್ ಸೇದೀರಿ ಮೇಷ್ಟ್ರೇ?' ಅಂದಳು.

ಉತ್ತರ ಅವರಿಗೂ ಪೂರಾ ಗೊತ್ತಿರಲಿಲ್ಲ ಅಂತ ಕಾಣುತ್ತದೆ.
ಎಲ್ಲಿಂದಲೋ ಸುತ್ತೋಲೆ ಬಂದಿತ್ತು: ಹೊರಾಂಗಣ ಶಿಕ್ಷಣ.
ಹೊರಗೆ ಕೂರಿಸಿದರಾಯಿತು ಎಂದು ಹೆಡ್ಮಾಸ್ಟರು
ಮೂರು ದಿನ ಬೇವಿನಡಿ ಲೆಕ್ಕ ಮಾಡಿಸಿದರು.
ನಾಲ್ಕನೇ ದಿನ ಇರುವೆ.

ಬೆಟ್ಟ ಆಗ ಸುಮ್ಮನೆ ಹೋಗುವ ಜಾಗವಲ್ಲ.
ಆಡು ತಪ್ಪಿಸಿಕೊಂಡರೆ ಹೋಗುತ್ತಿದ್ದರು, ಸೌದೆಗೆ ಹೋಗುತ್ತಿದ್ದರು,
ಹರಕೆ ಹೊತ್ತವರು, ಮನೆಯಲ್ಲಿ ಬೈಸಿಕೊಂಡವರು ಹೋಗುತ್ತಿದ್ದರು.
ಬರಿದೇ ಹತ್ತಿ ಬರಿದೇ ಇಳಿಯುವವರಿಗೆ
ಪಾಂಡವಪುರದ ಬಾಯಲ್ಲಿ ಇದ್ದದ್ದು ಒಂದೇ ಹೆಸರು:
ಕ್ಯಾಮೆ ಇಲ್ದೋರು.

ಹನ್ನೆರಡು ಮಾರಿನ ಕತ್ತಾಳೆ ಹಗ್ಗ.
ಕೊಟ್ಟಳು ಅವ್ವ. ಕೊಟ್ಟು, ಜೊತೆಗೆ ನನ್ನನ್ನೂ ಅಟ್ಟಿದಳು.
'ಹಗ್ಗದ ಮ್ಯಾಲೆ ಕಣ್ಣಿರಲಿ. ಹಗ್ಗ ಇಲ್ದೆ ಮನೆಗೆ ಬಂದೀಯ.'
ನನಗೆ ಹತ್ತು ವರ್ಷ. ಸ್ಕೌಟು ಹುಡುಗರ ಸಾಲಿನ ಹಿಂದೆ
ಚೌಕುಳಿ ಲಂಗದ ಕಾವಲುಗಾರ್ತಿ.

ಬಂಡೆಯ ಬುಡದಲ್ಲಿ ಮೇಷ್ಟ್ರು ಪುಸ್ತಕ ತೆಗೆದು
ಕಟ್ಟುವ ಗಂಟಿನ ಚಿತ್ರ ನೋಡುತ್ತ ನಿಂತರು.
ಅಷ್ಟರಲ್ಲಿ ಆಡು ಕಾಯುವ ಬೋರಕ್ಕ ಹಗ್ಗವನ್ನು ಹೆಗಲಿಗೆ ಸುತ್ತಿ
ಬರಿಗಾಲಲ್ಲಿ, ಎಲೆಅಡಿಕೆ ಜಗಿಯುತ್ತಲೇ, ಮೇಲೇರಿ
ಸಂದಿಯ ಗೋಣಿಮರದ ಬೇರಿಗೆ ಬಿಗಿದು
'ಬನ್ರೋ' ಅಂದಳು.

ಸಂಪತ್ಕುಮಾರ ಹತ್ತಿದ. ಮಕ್ಬೂಲ ಹತ್ತಿದ.
ದ್ಯಾವಣ್ಣ ಅರ್ಧದಲ್ಲಿ ಅತ್ತ, ಅಳುತ್ತಲೇ ಹತ್ತಿದ.
ಎಲ್ಲ ಮುಗಿದ ಮೇಲೆ ಹಗ್ಗ ಮೇಲಕ್ಕೆ ಸರಿಯತೊಡಗಿತು,
ಹಾವಿನ ಬಾಲದ ಹಾಗೆ.
ಹಗ್ಗದ ಮೇಲೆ ಕಣ್ಣಿರಲಿ ಅಂದಿದ್ದಳಲ್ಲ ಅವ್ವ.
ಬಾಲ ಹಿಡಿದೆ.

ತೊಣ್ಣೂರು ಕೆರೆ ಒಂದು ಹರಳು.
ಕಬ್ಬಿನ ಚೌಕಗಳ ನಡುವೆ ನಾಲೆ, ಯಾರೋ ಎಳೆದ ಸ್ಲೇಟುಗೆರೆ.
ದಿನಾ ನಮ್ಮ ತಲೆಯ ಮೇಲಿರುತ್ತಿದ್ದ ಕಾರ್ಖಾನೆ ಹೊಗೆ
ಅವತ್ತು ಕಾಲಿಗಿಂತ ಕೆಳಗೆ.
ಹುಡುಗರು ಕೂಗಿ ಕೂಗಿ ಪ್ರತಿಧ್ವನಿ ಕೇಳಿದರು.
ನಾನು ಮನೆ ಹುಡುಕಿದೆ.
ಸಿಕ್ಕಿತು: ಬೆರಳುಗುರಿನಷ್ಟು ಹೆಂಚು, ಪಕ್ಕದಲ್ಲಿ ಬಾವಿಯ ಚುಕ್ಕೆ,
ಅದರ ಪಕ್ಕ ಇನ್ನೂ ಸಣ್ಣದೊಂದು ಚುಕ್ಕೆ. ಅವ್ವ
ಇರಬಹುದು, ಹಗ್ಗವಿಲ್ಲದೆ.
ಇಲ್ಲಾ ಕರುವೋ ಏನೋ.

ಮೇಷ್ಟ್ರ ದಿನಚರಿ ಅವರ ಮಗ ಮೊನ್ನೆ ತೋರಿಸಿದರು,
೧೯೬೬, ಜನವರಿ ೨೨, ಶನಿವಾರ:
ಹುಡುಗರು ೧೭. ಹಗ್ಗ ೧. ಹಗ್ಗದವಳು ೧.
ಮಂಡಿ ತರಚು ೫. ಹಿಂತಿರುಗಿದವರು: ಎಲ್ಲರೂ.
ಬೋರಕ್ಕನ ಲೆಕ್ಕ ಯಾವ ಪುಟದಲ್ಲೂ ಇಲ್ಲ.
ತಿರುವಿ ತಿರುವಿ ನೋಡಿದೆ.

ಈಗ ಅದೇ ಬಂಡೆಯ ಬುಡದಲ್ಲಿ ಹೆಲ್ಮೆಟ್ಟಿನ ರಾಶಿ,
ಸಹಿ ಹಾಕಲು ಒಂದು ಫಾರಮು,
ನೀಲಿ ನೈಲಾನು, ಗಾಯ ಮಾಡದ ಹಗ್ಗ.
ರುಬೀನಾ ಎಂಬ ಹುಡುಗಿ ನನ್ನ ಸೊಂಟಕ್ಕೆ ಪಟ್ಟಿ ಬಿಗಿದು
'ಫಸ್ಟ್ ಟೈಮಾ, ಆಂಟಿ?' ಅಂದಳು.
ಹೂಂ ಅಂದೆ. ಹತ್ತಿದ್ದು ನಾಲ್ಕು ಮಾರು.
ಮಂಡಿ ಕೇಳಲಿಲ್ಲ.

ಅವತ್ತು ಇಳಿದು ಬರುವಾಗ ಕತ್ತಲು.
ಹಗ್ಗ ಒಂದು ಕಡೆ ಬಂಡೆಗೆ ಉಜ್ಜಿ, ಮೂರೆಳೆಯಲ್ಲಿ ಎರಡು ಹರಿದಿತ್ತು.
ಅವ್ವ ಬೈಯುವ ಮೊದಲೇ ಕತ್ತರಿಸಿ, ಹುಡುಗರ ಕೈ ನೋಡಿ ಕಲಿತ
ಆ ಪುಸ್ತಕದ ಗಂಟು ಹಾಕಿಕೊಟ್ಟೆ.
ಕಾಲು ಕೊಟ್ಟು ಜಗ್ಗಿದಳು. ಬಿಚ್ಚಲಿಲ್ಲ.
ಏನೂ ಅನ್ನದೆ ಕೊಡ ಇಳಿಬಿಟ್ಟಳು.

ಆ ಹಗ್ಗ ಇನ್ನೂ ನಾಲ್ಕು ಬೇಸಿಗೆ ಬಾಳಿತು.
ಸೇದುವಾಗ ಗಂಟು ರಾಟೆಗೆ ಬಂದು ಟಕ್ ಎಂದು ಸಿಕ್ಕಿಕೊಂಡರೆ
ಕೈ ತಡೆದು, ಒಳಗಿದ್ದ ನನಗೆ ಕೇಳುವ ಹಾಗೆ ಅವ್ವ ಕೂಗುತ್ತಿದ್ದಳು:
'ಬಂತು ನೋಡು, ನಿನ್ ಬೆಟ್ಟ.'